ಆರಕ್ಕೂ ಏಳಕ್ಕೂ ನಡುವೆ

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 54 ಎಕರೆ. 2007ರಲ್ಲಿ ಜೀವವೈವಿಧ್ಯ ಪರಂಪರೆ ತಾಣವಾಯಿತು. ಅಲ್ಲಿನ ನೆಲದ ಏರುತಗ್ಗನ್ನು ಲೆಕ್ಕಕ್ಕೆ ಇಳಿಸಬೇಕೆನ್ನಿ. ಉದ್ದ, ಅಗಲ ಎರಡೂ ಚರಾಕ್ಷರಗಳು. ಇಡೀ ತೋಪಿಗೆ ಒಂದೇ ಬಹುಪದೋಕ್ತಿ ಹೊಂದಿಸಹೊರಟರೆ ಅದು ಅಂಚಿಗೆ ಬಂದಾಗ ಲಂಗುಲಗಾಮಿಲ್ಲದೆ ಏರಿಳಿಯಬಹುದು. ನೆಲವನ್ನು ತುಂಡು ಮಾಡಿ, ತುಂಡಿಗೊಂದು ಸಣ್ಣ ಘಾತದ ಬಹುಪದೋಕ್ತಿ ಕೊಟ್ಟು, ಸಂದುಗಳಲ್ಲಿ ನಯವಾಗಿ ಕೂಡಿಸಿದರೆ ಅದೇ ಸ್ಪ್ಲೈನ್.

ಕೆಲವು ದಿಕ್ಕುಗಳನ್ನು ಆಯ್ದು, ಆ ದಿಕ್ಕುಗಳಲ್ಲಿ ಸರಾಸರಿ ತೆಗೆಯುತ್ತ ಕಟ್ಟುವುದು ಬಾಕ್ಸ್ ಸ್ಪ್ಲೈನ್. ಡಿ ಬೋರ್, ಹೋಲಿಗ್, ರೀಮನ್‌ಶ್ನೈಡರ್ 1993ರಲ್ಲಿ ಇದರ ಮೇಲೊಂದು ಪುಸ್ತಕವನ್ನೇ ತಂದರು. ಈ ಕ್ಷೇತ್ರದ ಕಿರೀಟವೆಂದು ಹೊಗಳಿಸಿಕೊಳ್ಳುವುದು ಡಾಮೆನ್ ಮತ್ತು ಮಿಚೆಲ್ಲಿ ಅವರ ಪ್ರಮೇಯ: ಸ್ಪ್ಲೈನಿನ ತುಂಡುಗಳೆಲ್ಲ ಸೇರುವ ಬಹುಪದೋಕ್ತಿ ಕುಟುಂಬದ ಆಯಾಮವೆಂದರೆ, ಸಮತಲದಲ್ಲಿ, ಒಂದೇ ರೇಖೆಯ ಮೇಲಿಲ್ಲದ ದಿಕ್ಕುಗಳ ಜೋಡಿಗಳು ಎಷ್ಟೋ ಅಷ್ಟು. ಕಲನಶಾಸ್ತ್ರದ ಪ್ರಶ್ನೆಗೆ ಎಣಿಕೆಯ ಉತ್ತರ! ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿರುವ ಆಯ್ಕೆಯ ಸೂತ್ರ ಸಾಕು. ಚೌಕದ ಎರಡು ಬದಿ, ಎರಡು ಕರ್ಣ, ಹೀಗೆ ನಾಲ್ಕು ದಿಕ್ಕಿನ ಜ್ವಾರ್ಟ್–ಪೊವೆಲ್ ಸ್ಪ್ಲೈನಿಗೆ ಜೋಡಿಗಳು 6. ಘಾತ 2 ಮೀರದ ಬಹುಪದೋಕ್ತಿಗಳ ಆಯಾಮವೂ 6.

ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಈ ಎಣಿಕೆಗೆ ವಿಸ್ತೀರ್ಣ ಕಾಣುವುದಿಲ್ಲ. ಪ್ರತಿ ಜೋಡಿಯಿಂದಾಗುವ ಸಮಾಂತರ ಚತುರ್ಭುಜದ ವಿಸ್ತೀರ್ಣ ಕೂಡಿಸಿ: ಐದು ಜೋಡಿಗಳಿಗೆ ತಲಾ 1, ಎರಡು ಕರ್ಣಗಳ ಜೋಡಿಗೆ 2, ಒಟ್ಟು 7. ಆ ಸ್ಪ್ಲೈನನ್ನು ಪೂರ್ಣಾಂಕ ಹೆಜ್ಜೆಗಳಲ್ಲಿ ಸರಿಸಿಟ್ಟ ಪ್ರತಿಗಳಿಗೆ ಒಂದೊಂದು ಗುಣಕ ಕೊಟ್ಟು ಕೂಡಿಸಿಯೇ ಮೇಲ್ಮೈ ಕಟ್ಟುವುದು; ಆ ಪ್ರತಿಗಳಲ್ಲಿ ಯಾವುದೇ ಸಾಮಾನ್ಯ ಬಿಂದುವಿನ ಮೇಲೆ ಬೀಳುವುದು ಅಷ್ಟೇ, 7. ಆರು ಆಯಾಮದಲ್ಲಿ ಏಳು ಪ್ರತಿಗಳು ಸ್ವತಂತ್ರವಾಗಿರಲು ಸಾಧ್ಯವೇ? ಚದುರಂಗದ ಮಣೆಯಂತೆ ಒಂದು ಬಿಟ್ಟೊಂದಕ್ಕೆ +1, −1 ಗುಣಕ ಕೊಟ್ಟು ಕೂಡಿಸಿದರೆ ಎಲ್ಲವೂ ಸೊನ್ನೆಯಾಗುತ್ತದೆ. ಅಂದರೆ ತೋಪಿನ ನಕ್ಷೆಯ ಗುಣಕಗಳಿಗೆ ಇಂಥ ಕಲಬೆರಕೆ ಎಷ್ಟು ಸೇರಿದರೂ ಮೇಲ್ಮೈ ಅಲುಗದು; ಗುಣಕಗಳನ್ನು ನೋಡಿ ನೆಲದ ಬಗ್ಗೆ ತೀರ್ಪು ಕೊಡುವಂತಿಲ್ಲ.

ಘಾತ ಎರಡಕ್ಕೇ ಇಳಿಜಾರೂ ಮುರಿಯದ ಮೇಲ್ಮೈ ಸಿಗುತ್ತದೆಂದು ಈ ಸ್ಪ್ಲೈನನ್ನು ಮೆಚ್ಚುವವರಿದ್ದಾರೆ. ಚಿತ್ರ ಬಿಡಿಸುವುದಷ್ಟೇ ಉದ್ದೇಶವಾದರೆ ಸರಿ. ಅಳತೆಗೆ ನಾನು ಒಂದು ಕರ್ಣವನ್ನು ಕೈಬಿಟ್ಟು, ಉಳಿದ ಮೂರು ದಿಕ್ಕುಗಳನ್ನು ಎರಡೆರಡು ಸಲ ಬಳಸುತ್ತೇನೆ. ಆಗ ಜೋಡಿಗಳೂ 12, ವಿಸ್ತೀರ್ಣವೂ 12, ಗುಣಕಗಳಲ್ಲಿ ಗುಟ್ಟಿಲ್ಲ. ಘಾತ ನಾಲ್ಕಕ್ಕೇರುತ್ತದೆ, ಲೆಕ್ಕ ಹೆಚ್ಚುತ್ತದೆ. ಹೆಚ್ಚಲಿ, ಕಂಪ್ಯೂಟರಿಗೇನೂ ಬೇಸರವಿಲ್ಲ.