ಹಿರಿಯರ ನೆರಳು, ಕಿರಿಯರ ಪ್ರಶ್ನೆ

1968ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳು ಬೀದಿಗಿಳಿದರು. ಯುರೋಪಿನ ಅನೇಕ ವಿಶ್ವವಿದ್ಯಾಲಯಗಳು ತಲ್ಲಣಿಸಿದವು. ಮರುವರ್ಷ ಸ್ವಿಟ್ಸರ್ಲೆಂಡಿನ ಸೇಂಟ್ ಗ್ಯಾಲೆನ್ನಿನಲ್ಲಿ ಕೆಲವು ವಿದ್ಯಾರ್ಥಿಗಳು ಬೇರೆ ದಾರಿ ಹಿಡಿದರು. ಕಲ್ಲಿನ ಬದಲು ಮಾತು ಎಂದು ಅವರು ಅಂತರರಾಷ್ಟ್ರೀಯ ವಿದ್ಯಾರ್ಥಿ ಸಮಿತಿಯನ್ನು ಕಟ್ಟಿ, ಉದ್ಯಮಿಗಳನ್ನೂ ರಾಜಕಾರಣಿಗಳನ್ನೂ ತರುಣರ ಎದುರು ಕೂರಿಸಿದರು. ಆ ವಿಚಾರಗೋಷ್ಠಿ ಇಂದಿಗೂ ನಡೆಯುತ್ತಿದೆ, ನಡೆಸುವವರೂ ವಿದ್ಯಾರ್ಥಿಗಳೇ. ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದ ಅಜ್ಞಾತ ತರುಣನಿಗೂ ಅಲ್ಲಿ ಮಂತ್ರಿಗಳೊಡನೆ ಮಾತನಾಡುವ ಅವಕಾಶವುಂಟು. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಆದರೆ ಒಂದು ಶಂಕೆ ನಮ್ಮನ್ನು ಬಿಡದು. ಹಣ ಕೊಡುವವರು, ಸಲಹೆ ಕೊಡುವವರು, ಪ್ರಶ್ನೆ ಎದುರಿಸಬೇಕಾದವರು ಮೂವರೂ ಒಂದೇ ವರ್ಗದವರಾದರೆ ಪ್ರಶ್ನೆಯ ಮೊನೆ ಮೊಂಡಾಗದೆ ಇದ್ದೀತೆ? ಯಾರೂ ಬಾಯಿ ಮುಚ್ಚಿಸಬೇಕಾಗಿಲ್ಲ. ಉಪಕಾರದ ಭಾರವೇ ಸಾಕು. ವಿದ್ಯಾರ್ಥಿ ಓದು ಮುಗಿಸಿ ಹೊರಡುತ್ತಾನೆ, ಪೋಷಕರು ಉಳಿಯುತ್ತಾರೆ. ಸಂಸ್ಥೆಯ ನೆನಪೂ ದಿಕ್ಕೂ ಕ್ರಮೇಣ ಅವರದೇ ಆಗಿಬಿಡುತ್ತವೆ. ಅಲ್ಲದೆ, ನಾಳೆ ನೌಕರಿ ಕೊಡಬಹುದಾದ ಯಜಮಾನನನ್ನು ಇಂದು ಯಾರು ಕೆಣಕಿಯಾರು?

ದೂರದ ಮಾತೇಕೆ? ನಮ್ಮ ಹೊರನಾಡ ಸಂಘಗಳ ಆಮಂತ್ರಣ ಪತ್ರಿಕೆಗಳನ್ನೇ ನೋಡೋಣ. ಮಹಾಪೋಷಕರ ಹೆಸರುಗಳು ಮೇಲೆ ಸಾಲುಗಟ್ಟಿರುತ್ತವೆ. ಕುರ್ಚಿ ಜೋಡಿಸಿದ ಹುಡುಗರ ಹೆಸರು ಎಲ್ಲಿಯೂ ಇರುವುದಿಲ್ಲ. ಹಿರಿಯರು ಬೇಡವೆಂದು ನಾವು ಹೇಳುತ್ತಿಲ್ಲ. ಅವರ ಅನುಭವ, ನೆರವು ಎರಡೂ ಬೇಕು. ವಿಷಯವನ್ನೂ ಅತಿಥಿಗಳನ್ನೂ ಆರಿಸುವ ಅಧಿಕಾರ ಮಾತ್ರ ವಿದ್ಯಾರ್ಥಿಗಳದ್ದಾಗಿರಲಿ, ಲೆಕ್ಕಪತ್ರ ಎಲ್ಲರ ಮುಂದಿರಲಿ.

ಪೋಷಕರಿಗೆ ಕಹಿಯಾದ ಪ್ರಶ್ನೆ ಕೇಳಿದ ಹುಡುಗಿಗೆ ಮುಂದಿನ ವರ್ಷವೂ ವೇದಿಕೆಯ ಮೇಲೆ ಜಾಗ ಸಿಕ್ಕಿತೇ? ಇಂಥ ಸಂಘಗಳನ್ನು ಅಳೆಯಲು ನಮಗೆ ತೋಚುವ ಅಳತೆಗೋಲು ಇದೊಂದೇ.