ಲಿನಕ್ಸ್ ಪಾಠ ಎಲ್ಲಿಂದ ಶುರುವಾಗಬೇಕು?

ಹೊಸಬರಿಗೆ ಲಿನಕ್ಸ್ ಪರಿಚಯಿಸುವ ಬರಹಗಳಿಗೆ ಒಂದು ಜಾಡು ಬಿದ್ದುಹೋಗಿದೆ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನು ಯೋಜನೆಯನ್ನು ಸಾರಿದ್ದು, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಹವ್ಯಾಸಕ್ಕೆಂದು ಕರ್ನಲ್ ಬರೆದದ್ದು, ಆಮೇಲೆ ಡೆಬಿಯನ್, ಉಬುಂಟು, ಮಿಂಟ್ ಎಂಬ ವಿತರಣೆಗಳ ವಂಶಾವಳಿ. ಕರ್ನಲ್ ಎಂದರೆ ಕಾರಿನ ಎಂಜಿನ್ ಎಂಬ ಹೋಲಿಕೆಯಂತೂ ತಪ್ಪುವುದೇ ಇಲ್ಲ. ಯಾವುದೂ ಸುಳ್ಳಲ್ಲ. ಆದರೆ ಹಳೇ ಲ್ಯಾಪ್‌ಟಾಪ್ ನಿಧಾನವಾಯಿತೆಂದು ಇತ್ತ ಬಂದವರಿಗೆ ಬೇಕಿರುವುದು ಎಂಜಿನ್ನಿನ ಕಥೆಯಲ್ಲ, ತಮ್ಮ ಫೈಲುಗಳ ಗತಿ ಏನು ಎಂಬ ಉತ್ತರ.

ಅಲ್ಲಿಗೆ ಬಂದಾಗಲೇ ಈ ಬರಹಗಳಿಗೆ ಅವಸರ. ಇನ್‌ಸ್ಟಾಲ್ ಮಾಡುವಾಗ ‘ಎರೇಸ್ ಡಿಸ್ಕ್’ ಎಂಬ ಆಯ್ಕೆ ಎದುರಾಗುತ್ತದೆ. ವಿಂಡೋಸಿನಲ್ಲಿ ಪಳಗಿದವರ ಲೆಕ್ಕವೇ ಬೇರೆ: ಫಾರ್ಮ್ಯಾಟ್ ಮಾಡಿದರೆ ಹೋಗುವುದು ಸಿ ಡ್ರೈವ್, ಮದುವೆ ಫೋಟೊಗಳಿರುವ ಡಿ ಡ್ರೈವಿಗೆ ಏನೂ ಆಗದು. ರಿಪೇರಿ ಅಂಗಡಿಯವರು ಹೇಳಿಕೊಟ್ಟದ್ದೂ ಅದನ್ನೇ. ಆದರೆ ಸಿ, ಡಿ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಭಾಗಗಳು. ಡಿಸ್ಕನ್ನೇ ಅಳಿಸು ಎಂದರೆ ಎರಡೂ ಹೋದವು. ಸರಳವಾಗಿ ವಿವರಿಸುತ್ತೇವೆ ಎನ್ನುವವರು ಇದಕ್ಕೆ ಒಂದು ಪ್ಯಾರಾ ಕೊಡದೆ, ಪೆಂಗ್ವಿನ್ ಲಾಂಛನ ಎಲ್ಲಿಂದ ಬಂತು ಎಂದು ಬರೆಯುತ್ತಾರಲ್ಲ!

ಪೆನ್‌ಡ್ರೈವಿನಿಂದಲೇ ಉಬುಂಟು ನಡೆಸಿ ನೋಡುವ ಸೌಲಭ್ಯವನ್ನು ಮಾತ್ರ ಬಹುತೇಕರು ಹೇಳುತ್ತಾರೆ, ಅದು ಮೆಚ್ಚಬೇಕಾದದ್ದೇ. ಡಿಸ್ಕ್ ಮುಟ್ಟದೆ ವೈಫೈ, ಸೌಂಡ್, ಪ್ರಿಂಟರ್ ನಡೆಯುತ್ತವೆಯೇ ಎಂದು ಪರೀಕ್ಷಿಸಬಹುದು. ಹತ್ತು ಪುಟದ ವಿವರಣೆಗಿಂತ ಇದು ಹೆಚ್ಚು ಕಲಿಸುತ್ತದೆ.

‘ಥೇಟ್ ವಿಂಡೋಸ್ ಥರಾನೇ’ ಎಂಬ ಭರವಸೆ ನನಗೆ ಒಪ್ಪಿಗೆಯಿಲ್ಲ. ಅದನ್ನು ನಂಬಿದವರು ಸೆಟಪ್ ಫೈಲ್ ಹುಡುಕುತ್ತಾ ಸಿಕ್ಕ ಸಿಕ್ಕ ಸೈಟುಗಳಿಗೆ ಹೋಗುತ್ತಾರೆ. ಇಲ್ಲಿ ಹೆಚ್ಚಿನ ತಂತ್ರಾಂಶಗಳು ವಿತರಣೆಯ ಸ್ವಂತ ಭಂಡಾರದಿಂದಲೇ ಬರುತ್ತವೆ, ಅಪ್‌ಡೇಟೂ ಅಲ್ಲಿಂದಲೇ. ಪ್ಲೇಸ್ಟೋರ್ ಬಳಸುವವರಿಗೆ ಇದು ಹೊಸದೇನಲ್ಲ. ಅಂದಹಾಗೆ, ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ.

ಕನ್ನಡದ ಬರಹಗಳಿಂದ ನಾನು ಇನ್ನೂ ಒಂದನ್ನು ನಿರೀಕ್ಷಿಸುತ್ತೇನೆ. ಹಳೆಯ ನುಡಿ ಫಾಂಟಿನ ಕಡತವನ್ನು ಲಿಬ್ರೆ ಆಫೀಸಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಕಡತ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ಫಾಂಟ್ ಹಾಕಿಕೊಂಡರೆ ಓದಬಹುದು, ತಿದ್ದಿ ಹಂಚಬೇಕಾದರೆ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಟೈಪ್ ಮಾಡಲು ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ, ಕೀಲಿಮಣೆ ಪಟ್ಟಿಯಲ್ಲಿ ಕೆಜಿಪಿ ಆರಿಸಿದರೆ ನುಡಿಯಲ್ಲಿ ರೂಢಿಯಾದ ವಿನ್ಯಾಸವೇ ಸಿಗುತ್ತದೆ. ಇಂಗ್ಲಿಷ್ ಕೈಪಿಡಿಗಳನ್ನು ಮುಂದಿಟ್ಟುಕೊಂಡು ಕನ್ನಡಕ್ಕೆ ಇಳಿಸಿದ ಪಾಠಗಳಲ್ಲಿ ಇದು ಬರುವುದಾದರೂ ಹೇಗೆ?