ಆರಿಸಿದರೂ ಮಿಣುಕುವ ಎಲ್‌ಇಡಿ

ಹಳೆಯ ಬಲ್ಬ್ ಹೋಲ್ಡರ್ ತೆಗೆಸಿ ಛಾವಣಿಗೆ ಎಲ್‌ಇಡಿ ಪ್ಯಾನೆಲ್ ಹಾಕಿಸಿದ ಮನೆಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಸ್ವಿಚ್ ಆಫ್ ಮಾಡಿದರೂ ದೀಪ ಪೂರ್ತಿ ಆರುವುದಿಲ್ಲ. ಕತ್ತಲಲ್ಲಿ ಮಂಕಾಗಿ ಉರಿಯುತ್ತಿರುತ್ತದೆ, ಇಲ್ಲವೇ ಆಗಾಗ ಮಿಂಚಿ ಮರೆಯಾಗುತ್ತದೆ. ಅಂಗಡಿಯವರು ದೀಪ ಬದಲಿಸಿ ಕೊಡುತ್ತಾರೆ, ಹೊಸದೂ ಅದೇ ಆಟ ಆಡುತ್ತದೆ. ಕೊನೆಗೆ ‘ಎಲ್‌ಇಡಿ ಅಂದ್ರೆ ಹಾಗೇನೇ’ ಎಂಬ ತೀರ್ಪು ಬೀಳುತ್ತದೆ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಎಷ್ಟೋ ಮನೆಗಳಲ್ಲಿ ಆ ಮಿಣುಕು ಬೆಳಕು ಗೋಡೆಯೊಳಗೆ ವರ್ಷಗಟ್ಟಲೆ ಅಡಗಿದ್ದ ದೋಷವೊಂದನ್ನು ಮೊದಲ ಬಾರಿಗೆ ತೋರಿಸುತ್ತಿರುತ್ತದೆ.

ಆ ದೋಷ ಯಾವುದೆಂದರೆ, ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ವೈರಿಗೆ ಹಾಕಿರುವುದು. ನ್ಯೂಟ್ರಲ್ಲನ್ನು ಮಾತ್ರ ಕಡಿಯುವ ಸ್ವಿಚ್ ಇರಕೂಡದು ಎಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ಹೇಳಿದ್ದವು. ಕಾರಣ ಸರಳ. ನ್ಯೂಟ್ರಲ್ ಕಡಿದರೂ ದೀಪ ಆರುತ್ತದೆ, ಆದರೆ ಹೋಲ್ಡರಿನಲ್ಲಿ 230 ವೋಲ್ಟ್ ಹಾಗೇ ನಿಂತಿರುತ್ತದೆ. ಸ್ವಿಚ್ ಆಫ್ ಮಾಡಿದ್ದೇನೆಂದು ನಂಬಿ ಕಬ್ಬಿಣದ ಏಣಿ ಹತ್ತಿದವರಿಗೆ ಇದು ಜೀವದ ಪ್ರಶ್ನೆ.

ಇಷ್ಟು ವರ್ಷ ಇದು ಗೊತ್ತಾಗದೆ ಉಳಿದದ್ದು ಹಳೆಯ ಬಲ್ಬಿನ ಸ್ವಭಾವದಿಂದ. 40 ವ್ಯಾಟಿನ ತಂತಿ ಬಲ್ಬ್ ಪೂರ್ತಿ ಉರಿಯಲು ಸುಮಾರು 170 ಮಿಲಿಆಂಪಿಯರ್ ಕರೆಂಟ್ ಬೇಕು. ವೈರುಗಳ ನಡುವೆ, ಗೋಡೆಯ ಕಡೆಗೆ ಸೋರುವ ಅತ್ಯಲ್ಪ ಕರೆಂಟಿಗೆ ಆ ತಂತಿ ಬಿಸಿಯೂ ಆಗುವುದಿಲ್ಲ. ಎಲ್‌ಇಡಿಯ ಡ್ರೈವರಿನಲ್ಲಿರುವ ಕೆಪಾಸಿಟರ್ ಅದೇ ಅಲ್ಪ ಕರೆಂಟನ್ನು ಕೂಡಿಟ್ಟು ದೀಪ ಮಿಣುಕಿಸಬಲ್ಲದು. 2015ರಲ್ಲಿ ಉಜಾಲಾ ಯೋಜನೆ ಬಂದ ಮೇಲೆ ಎಲ್‌ಇಡಿ ಮನೆಮನೆ ಸೇರಿತು, ಅದರ ಜೊತೆಗೇ ಈ ದೂರೂ ಬಂತು.

ಮಿಣುಕಿದಲ್ಲೆಲ್ಲ ಈ ದೋಷವೇ ಇದೆ ಎನ್ನಲಾಗದು. ಸ್ವಿಚ್ಚಿನಲ್ಲೇ ಪುಟ್ಟ ಇಂಡಿಕೇಟರ್ ದೀಪವಿದ್ದರೆ ಅದರ ಮೂಲಕ ಹರಿಯುವ ಕರೆಂಟ್ ಸಾಕು. ಒಂದೇ ಪೈಪಿನಲ್ಲಿ ಬಹುದೂರ ಒತ್ತೊತ್ತಾಗಿ ಹೋಗುವ ವೈರುಗಳೂ ಇದಕ್ಕೆ ಕಾರಣವಾಗುತ್ತವೆ. ಇವೆರಡೂ ಅಪಾಯದ ಸಂಗತಿಗಳಲ್ಲ. ದೀಪಕ್ಕೆ ಅಡ್ಡಲಾಗಿ ಸೂಕ್ತ ಕೆಪಾಸಿಟರ್ ಹಾಕಿದರೆ ಮಿಣುಕು ನಿಲ್ಲುತ್ತದೆ. ನನ್ನ ತಕರಾರು ಏನೆಂದರೆ, ಸ್ವಿಚ್ ಯಾವ ವೈರಿನ ಮೇಲಿದೆ ಎಂದು ನೋಡದೆಯೇ ಆ ಕೆಪಾಸಿಟರ್ ಸಿಕ್ಕಿಸಿ ಹೋಗುವ ಪರಿಪಾಠವಿದೆ. ಮಿಣುಕು ಹೋಯಿತು, ಫೇಸ್ ಮಾತ್ರ ಛಾವಣಿಯಲ್ಲೇ ಉಳಿಯಿತು. ಇದನ್ನು ರಿಪೇರಿ ಎನ್ನುವುದು ಹೇಗೆ?

ಪರೀಕ್ಷೆಯ ಕ್ರಮವೂ ಸುಧಾರಿಸಬೇಕು. ನಮ್ಮಲ್ಲಿ ಜೇಬಿನ ನಿಯಾನ್ ಟೆಸ್ಟರ್ ಹೇಳಿದ್ದೇ ಅಂತಿಮ. ನ್ಯೂಟ್ರಲ್ ಮೇಲೆ ಸ್ವಿಚ್ ಇದ್ದು, ದೀಪ ಜೋಡಿಸಿದ ಹಾಗೇ ಸ್ವಿಚ್ ಆಫ್ ಮಾಡಿ ಮುಟ್ಟಿದರೆ ಟೆಸ್ಟರ್ ಎರಡೂ ತುದಿಯಲ್ಲಿ ಹೊತ್ತಿಕೊಳ್ಳಬಹುದು. ಫೇಸ್ ದೀಪದೊಳಗಿನಿಂದ ಹಾದು ಆಚೆ ಬದಿಗೂ ಬಂದಿರುತ್ತದೆ. ‘ಎರಡೂ ಕಡೆ ಫೇಸ್ ಬರ್ತಿದೆ, ಎಲ್ಲೋ ಶಾರ್ಟ್ ಆಗಿದೆ’ ಎಂದು ಗೋಡೆ ಒಡೆಯಲು ಹೊರಟವರೂ ಇದ್ದಾರೆ. ದೀಪ ಬಿಚ್ಚಿ, ಎರಡು ವೈರನ್ನೂ ಬೇರೆ ಮಾಡಿ ಪರೀಕ್ಷಿಸಿದರೆ ಗೊಂದಲ ಬಹುಪಾಲು ತೀರುತ್ತದೆ. ಹಳೆಯ ಕೆಲಸಗಾರರು ಹೋಲ್ಡರಿಗೆ ಎರಡು ವೈರು ಕಟ್ಟಿ ಬಳಸುತ್ತಿದ್ದ ಟೆಸ್ಟ್ ಲ್ಯಾಂಪ್ ಇಲ್ಲಿ ಟೆಸ್ಟರಿಗಿಂತ ನಂಬಲರ್ಹ. ಅದು ನಿಜವಾಗಿ ಕರೆಂಟ್ ಎಳೆಯುತ್ತದೆ, ಪಕ್ಕದ ವೈರಿನಿಂದ ಹುಟ್ಟಿದ ಹುಸಿ ವೋಲ್ಟೇಜಿಗೆ ಹೊತ್ತುವುದಿಲ್ಲ. ವೈರಿನ ಬಣ್ಣವನ್ನಂತೂ ನಂಬುವಂತಿಲ್ಲ. ಕಪ್ಪು ನ್ಯೂಟ್ರಲ್, ಹಸಿರು ಅರ್ತ್ ಎಂಬುದು ಕ್ರಮ. ಆದರೆ ಉಳಿದ ತುಂಡು ಯಾವ ಬಣ್ಣದ್ದೋ ಅದನ್ನೇ ಎಳೆದುಬಿಟ್ಟಿರುವ ಪೈಪುಗಳು ಕಡಿಮೆಯಿಲ್ಲ.

ತಪ್ಪು ಒಂದೇ ಕೋಣೆಯಲ್ಲಿದ್ದರೆ ಆ ಸ್ವಿಚ್ ಬೋರ್ಡನ್ನು ಬಿಚ್ಚಿ ನೋಡಬೇಕು. ಮನೆಯ ಎಲ್ಲ ಸ್ವಿಚ್ಚೂ ನ್ಯೂಟ್ರಲ್ ಕಡಿಯುತ್ತಿದ್ದರೆ ಮೇನ್ ಬೋರ್ಡಿನಲ್ಲೋ ಮೀಟರಿನ ಬಳಿಯೋ ಫೇಸ್, ನ್ಯೂಟ್ರಲ್ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ಹೆಚ್ಚು ಆತಂಕದ್ದು ಈ ಎರಡನೆಯದೇ. ಅಂಥ ಮನೆಯಲ್ಲಿ ಸಿಂಗಲ್ ಪೋಲ್ ಎಂಸಿಬಿ ಇಳಿಸಿದರೂ ಕಡಿಯುವುದು ನ್ಯೂಟ್ರಲ್ಲೇ. ‘ಮೇನ್ ಆಫ್ ಮಾಡಿಯೇ ಕೆಲಸಕ್ಕೆ ಇಳಿದೆ’ ಎನ್ನುವ ಎಚ್ಚರಿಕೆಯ ಮನುಷ್ಯನನ್ನೂ ಅದು ಕಾಯದು. ಎರಡೂ ವೈರನ್ನು ಒಟ್ಟಿಗೆ ಕಡಿಯುವ ಡಬಲ್ ಪೋಲ್ ಮೇನ್ ಸ್ವಿಚ್, ಅದರ ಜೊತೆಗೆ ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಛಾವಣಿಯ ದೀಪ ಬದಲಿಸುವ ಮುಂಚೆ ಅವನ್ನು ಹಾಕಿಸಬೇಕು. ಮೀಟರಿನ ಬಳಿಯ ಅದಲುಬದಲನ್ನು ಸರಿಪಡಿಸುವ ಕೆಲಸವನ್ನು ವಿದ್ಯುತ್ ಕಂಪನಿಯ ಸಿಬ್ಬಂದಿಗೇ ಬಿಡಬೇಕು.